ಕನ್ನಡ ವರ್ಣಮಾಲೆಗೆ ಮಾಡ್ಯುಲೊ ಗುಪ್ತಲಿಪಿ: 49ರಲ್ಲಿ ಬರೆದದ್ದು ಬಿಡಿಸಲು ಬರುತ್ತಿಲ್ಲ, ಎಲ್ಲಿ ತಪ್ಪಿದೆ?

ಮಾಟುಂಗವಾಸಿ (ಪ್ರಶ್ನೆ)

ರಾಜ್ಯೋತ್ಸವಕ್ಕೆ ಮುಂಬೈಯ ಮಾಟುಂಗದ ಕನ್ನಡ ಕಲಿಕೆ ತರಗತಿಯ ಮಕ್ಕಳಿಗೆ ನಿಧಿ ಹುಡುಕುವ ಆಟ ಇದೆ. ವಯಸ್ಸು 10ರಿಂದ 14. ಸುಳಿವಿನ ಚೀಟಿಗಳೆಲ್ಲ ಗುಪ್ತಲಿಪಿಯಲ್ಲಿ ಇರಬೇಕು, ಮೊಬೈಲ್ ಇಲ್ಲದೆ ಕಾಗದ-ಪೆನ್ಸಿಲಿನಲ್ಲೇ ಬಿಡಿಸುವಂತಿರಬೇಕು.

ಈಗಿರುವ ವಿಧಾನ: ಅ = 0, ಆ = 1 ಹೀಗೆ ಶುರುಮಾಡಿ ಔ = 12, ಅನುಸ್ವಾರ 13, ವಿಸರ್ಗ 14, ಕ = 15, ಮ = 39, ಯ = 40, ಕೊನೆಗೆ ಳ = 48. ಒಟ್ಟು 49 ಅಕ್ಷರ. ಅಕ್ಷರದ ಸಂಖ್ಯೆಯನ್ನು 14ರಿಂದ ಗುಣಿಸಿ, 5 ಕೂಡಿಸಿ, 49ರಿಂದ ಭಾಗಿಸಿದ ಶೇಷ ತೆಗೆದುಕೊಂಡು ಆ ಸಂಖ್ಯೆಯ ಅಕ್ಷರ ಬರೆಯುವುದು. ಕಾಗುಣಿತದ ಗುರುತುಗಳನ್ನು ಇದ್ದಲ್ಲೇ ಬಿಟ್ಟಿದ್ದೇನೆ, ವ್ಯಂಜನ ಮಾತ್ರ ಬದಲಾಗುತ್ತದೆ.

ತೊಂದರೆ ಏನೆಂದರೆ ಕ, ಜ, ವ ಮೂರೂ ಙ ಆಗುತ್ತಿವೆ. ಜನ ಬರೆದರೂ ವನ ಬರೆದರೂ ಙಯ ಬರುತ್ತದೆ. ಗುಣಕ 10 ಇಟ್ಟರೆ ಸರಿಹೋಗುತ್ತದೆ, 21 ಇಟ್ಟರೆ ಮತ್ತೆ ಕೆಡುತ್ತದೆ. ಕಾರಣವೇನು? ಒತ್ತಕ್ಷರಕ್ಕೆ ಏನು ಮಾಡಬೇಕು?

ಶೇಷಗಣಿತ (ಪುಣೆ)

ತಪ್ಪಿರುವುದು 14ರಲ್ಲಿ. 49 ಅಂದರೆ 7 × 7, ನಿಮ್ಮ 14ರಲ್ಲೂ ಒಂದು 7 ಇದೆ. ಎರಡಕ್ಕೂ ಸಾಮಾನ್ಯ ಅಪವರ್ತನ ಇದ್ದರೆ ಗುಣಾಕಾರ ಮಾಹಿತಿಯನ್ನು ನುಂಗಿಬಿಡುತ್ತದೆ. ಇಲ್ಲಿ ಉತ್ತರ ನಿಂತಿರುವುದು ಅಕ್ಷರದ ಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷದ ಮೇಲೆ ಮಾತ್ರ. ಹಾಗಾಗಿ 49 ಅಕ್ಷರಗಳಿಗೆ ಬರುವ ಉತ್ತರಗಳು ಏಳೇ ಏಳು.

1, 8, 15, 22, 29, 36, 43 ಇವೆಲ್ಲ 7ರಲ್ಲಿ ಶೇಷ 1. ಅಂದರೆ ಆ, ಏ, ಕ, ಜ, ಣ, ಫ, ವ ಏಳೂ 19ಕ್ಕೆ, ಙಗೆ, ಬಂದು ಬೀಳುತ್ತವೆ. ನ ಇರುವ ಗುಂಪಿನಲ್ಲಿ ಋ, ಅನುಸ್ವಾರ, ಚ, ಡ, ನ, ರ, ಳ ಇವೆ. ಅವಕ್ಕೆಲ್ಲ 40, ಅಂದರೆ ಯ. ಜನ, ವನ, ಜಡ, ವರ, ಕಳ ಎಲ್ಲವೂ ಙಯ. ಮಗು ಎಷ್ಟೇ ಜಾಣ ಆಗಿದ್ದರೂ ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. 10ಕ್ಕೂ 49ಕ್ಕೂ ಮ.ಸಾ.ಅ. 1, ಅದಕ್ಕೇ ಅದು ಸರಿಹೋಯಿತು. 49ರಲ್ಲಿ ನಡೆಯುವ ಗುಣಕಗಳು 42. 0, 7, 14, 21, 28, 35, 42 ಮಾತ್ರ ನಡೆಯವು. ಅಂಕಿಗಳಲ್ಲೇ ಬರೆದ ಕೃತಿ ಸಿರಿಭೂವಲಯದ ಹಾಗೆ 64 ವರ್ಣ ಇಟ್ಟುಕೊಂಡರೆ ಇನ್ನೂ ಕಷ್ಟ: 64ರಲ್ಲಿ ಬರೀ 2ಗಳಿವೆ, ಆದ್ದರಿಂದ ಬೆಸ ಗುಣಕ ಮಾತ್ರ ನಡೆಯುತ್ತದೆ, ಅರ್ಧಕ್ಕರ್ಧ ಹೋಯಿತು.

ನನ್ನ ಸಲಹೆ: 49ಕ್ಕೆ ನಾಲ್ಕು ಚಿಹ್ನೆ ಸೇರಿಸಿ. ಖಾಲಿ ಜಾಗ 49, ಪೂರ್ಣವಿರಾಮ 50, ಅಲ್ಪವಿರಾಮ 51, ಪ್ರಶ್ನಾರ್ಥಕ 52. ಒಟ್ಟು 53, ಅವಿಭಾಜ್ಯ ಸಂಖ್ಯೆ. ಆಗ 0 ಬಿಟ್ಟು ಯಾವ ಗುಣಕ ಇಟ್ಟರೂ ನಡೆಯುತ್ತದೆ. ವಾಕ್ಯಕ್ಕೆ ಹೇಗೂ ಬೇಕಾದ ನಾಲ್ಕೇ ಚಿಹ್ನೆ ಸೇರಿಸಿದ್ದಕ್ಕೆ ಅವಿಭಾಜ್ಯ ಸಂಖ್ಯೆ ಸಿಗುವುದು ಕನ್ನಡ ವರ್ಣಮಾಲೆಯ ಅದೃಷ್ಟ, ಬಿಡಬೇಡಿ.

ಗುಣಕ 17, ಕೂಡಿಕೆ 8 ಅಂತ ಇಟ್ಟುಕೊಳ್ಳಿ. ಬಿಡಿಸಲು 17ರ ವಿಲೋಮ ಬೇಕು, ಅಂದರೆ 17ರಿಂದ ಗುಣಿಸಿದಾಗ 53ರಲ್ಲಿ ಶೇಷ 1 ಕೊಡುವ ಸಂಖ್ಯೆ. ಯೂಕ್ಲಿಡ್ ಕ್ರಮದಲ್ಲಿ ಎರಡೇ ಹೆಜ್ಜೆ:
53 = 3 × 17 + 2
17 = 8 × 2 + 1
ಕೆಳಗಿನಿಂದ ಮೇಲಕ್ಕೆ ಹೋದರೆ 1 = 17 − 8 × (53 − 3 × 17) = 25 × 17 − 8 × 53. ವಿಲೋಮ 25. ತಾಳೆ ನೋಡಿ: 17 × 25 = 425, ಅದು 424ಕ್ಕಿಂತ ಒಂದು ಹೆಚ್ಚು, 424 ಅಂದರೆ 53 × 8.

ಬಿಡಿಸುವಾಗ ಮೊದಲು 8 ಕಳೆಯಿರಿ, ಆಮೇಲೆ 25ರಿಂದ ಗುಣಿಸಿ. ಈ ಕ್ರಮ ತಿರುಗುಮುರುಗಾದರೆ ಎಲ್ಲ ಅಕ್ಷರವೂ ಒಂದೇ ಅಳತೆಯಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ಮಕ್ಕಳ ಹಾಳೆಯಲ್ಲಿ ಅಂಥ ಉತ್ತರ ಕಂಡರೆ ಕಾರಣ ಹುಡುಕಬೇಕಾಗಿಲ್ಲ.

ಮಡಗಾಂವ್ ಲಿಪಿಕಾರ (ಗೋವಾ)

53 ಸರಿ. ಆದರೆ ಕಾಗುಣಿತದ ಗುರುತನ್ನು ಹಾಗೇ ಬಿಡುವುದು ಅದಕ್ಕಿಂತ ದೊಡ್ಡ ತೂತು. ಮುಂಬೈ ಪದದಲ್ಲಿ ು, ಂ, ೈ ಮೂರೂ ಹೊರಗೆ ಕಾಣುತ್ತಿದ್ದರೆ ವ್ಯಂಜನ ಏನೇ ಇರಲಿ, ಮಾಟುಂಗದ ಮಗು ಒಂದೇ ನೋಟಕ್ಕೆ ಹೇಳಿಬಿಡುತ್ತದೆ.

ಪದವನ್ನು ಮೊದಲು ವರ್ಣಗಳಾಗಿ ಬಿಡಿಸಿ, ವ್ಯಾಕರಣದ ತರಗತಿಯಲ್ಲಿ ಬಿಡಿಸುವ ಹಾಗೆಯೇ. ಕನ್ನಡ = ಕ್ ಅ ನ್ ನ್ ಅ ಡ್ ಅ = 15, 0, 34, 34, 0, 27, 0. ಒತ್ತಕ್ಷರಕ್ಕೆ ಬೇರೆ ನಿಯಮ ಬೇಕಿಲ್ಲ. ಜೋಡಿಸುವಾಗ ವ್ಯಂಜನದ ಮುಂದೆ ವ್ಯಂಜನ ಬಂದರೆ ಒತ್ತು, ಸ್ವರ ಬಂದರೆ ಕಾಗುಣಿತ, ಖಾಲಿ ಜಾಗ ಬಂದರೆ ಅರ್ಧಾಕ್ಷರ (ದಾದರ್ ಕೊನೆಯ ರ್ ಹಾಗೆ). ಅರ್ಕಾವೊತ್ತು ಕೂಡ ಇದರಲ್ಲೇ ಬಂತು. ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಂಧಿ-ಒತ್ತಿನ ಅಭ್ಯಾಸ ನನಗೆ ಗೊತ್ತಿಲ್ಲ.

ಗುಪ್ತಪಠ್ಯವನ್ನು ಅಕ್ಷರದಲ್ಲಿ ಬರೆಯಬೇಡಿ, ಎರಡಂಕಿಯ ಸಂಖ್ಯೆಯಲ್ಲೇ ಬರೆಯಿರಿ: 00ರಿಂದ 52. ಅಕ್ಷರದಲ್ಲಿ ಬರೆದರೆ ವಿಸರ್ಗದ ಮೇಲೆ ಅನುಸ್ವಾರ, ಮೂರು ಸ್ವರ ಸಾಲಾಗಿ, ಹೀಗೆ ಓದಲಾಗದ್ದೆಲ್ಲ ಬರುತ್ತದೆ.

ಮುಂಬೈ = ಮ್ ಉ ಂ ಬ್ ಐ = 39, 4, 13, 37, 9. 17ರಿಂದ ಗುಣಿಸಿ 8 ಕೂಡಿಸಿದರೆ 35 23 17 01 02.

ಚೀಟಿಗಳನ್ನು ಕಂಪ್ಯೂಟರಿನಲ್ಲಿ ತಯಾರಿಸುವುದಾದರೆ ಮೂರು ಕಡೆ ಎಡವುತ್ತೀರಿ.

ಒಂದು, ಯೂನಿಕೋಡ್ ಸಂಖ್ಯೆಯನ್ನೇ ನೇರ ಬಳಸಬೇಡಿ. ಕನ್ನಡದ ವಿಭಾಗ 3200ರಿಂದ ಶುರುವಾಗಿ 128 ಸ್ಥಾನ ಇದೆ, ನಡುವೆ ಖಾಲಿ ಸ್ಥಾನಗಳಿವೆ. ಫಲಿತಾಂಶ ಅಲ್ಲಿ ಬಿದ್ದರೆ ಚೌಕಾಕಾರದ ಡಬ್ಬಿ ಕಾಣುತ್ತದೆ. ನಿಮ್ಮದೇ 53ರ ಪಟ್ಟಿ ಇಟ್ಟುಕೊಳ್ಳಿ.

ಎರಡು, ಕೊ ಎಂಬುದರ ೊ ಗುರುತು ಒಂದೇ ಸಂಕೇತವಾಗಿಯೂ ಇರಬಹುದು, ೆ ಮತ್ತು ೂ ಎಂಬ ಎರಡು ಸಂಕೇತವಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಪಟ್ಟಿಯಲ್ಲಿ ಹುಡುಕುವ ಮೊದಲು ಎನ್‌ಎಫ್‌ಸಿ (ಎರಡು ಸಂಕೇತ ಕೂಡಿ ಒಂದಾದ) ರೂಪಕ್ಕೆ ತನ್ನಿ. ಸಾಫ್ಟ್‌ವೇರ್ ಥರದ ಪದದಲ್ಲಿ ಒತ್ತನ್ನು ತಡೆಯುವ ಅದೃಶ್ಯ ಚಿಹ್ನೆಯನ್ನೂ ಆಗಲೇ ತೆಗೆದುಹಾಕಿ. ಮರಳಿ ಜೋಡಿಸಿದಾಗ ಒತ್ತು ಬಂದು ಕೂರುತ್ತದೆ, ಓದಲು ಅಡ್ಡಿಯಿಲ್ಲ.

ಮೂರು, ಋಣ ಶೇಷ. ಮೇಲಿನ 01 ಬಿಡಿಸಿ ನೋಡಿ: 1 − 8 = −7, ಇದನ್ನು 25ರಿಂದ ಗುಣಿಸಿದರೆ −175. ಪೈಥಾನಿನಲ್ಲಿ % 53 ಹಾಕಿದರೆ 37, ಅಂದರೆ ಬ್, ಸರಿಯಾದ ಉತ್ತರ. ಸಿ, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ −16 ಬರುತ್ತದೆ, ಪಟ್ಟಿಯಲ್ಲಿ −16ನೇ ಅಕ್ಷರ ಎಲ್ಲಿಂದ ತರುವುದು? ಶೇಷಕ್ಕೆ 53 ಕೂಡಿಸಿ ಮತ್ತೊಮ್ಮೆ ಶೇಷ ತೆಗೆಯಿರಿ. ಈ ದೋಷ ಎಲ್ಲ ಅಕ್ಷರದಲ್ಲೂ ಕಾಣುವುದಿಲ್ಲ, ಗುಪ್ತಸಂಖ್ಯೆ 8ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಬರುತ್ತದೆ. ಅದಕ್ಕೇ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. 53 ಸಂಖ್ಯೆಗಳನ್ನೂ ಒಮ್ಮೆ ಓಡಿಸಿ ನೋಡಿಬಿಡಿ.

ಡೊಂಬಿವಲಿ ರಟ್ಟು

ಮಕ್ಕಳ ಕೈಯಲ್ಲಿ 25ರಿಂದ ಗುಣಾಕಾರ ಮಾಡಿಸಿದರೆ ಅರ್ಧ ಗಂಟೆಗೆ ಆಟ ಬೇಸರ ಆಗುತ್ತೆ. ರಟ್ಟಿನ ಚಕ್ರ ಮಾಡಿಕೊಡಿ, ಗುಣಾಕಾರವನ್ನು ಅದರಲ್ಲೇ ಅಡಗಿಸಬಹುದು.

53 ಮನೆ ಮಾಡಲು ಕೋನಮಾಪಕ ಹಿಡಿಯಬೇಡಿ, ಒಂದು ಮನೆಗೆ 6.79 ಡಿಗ್ರಿ ಬರುತ್ತೆ, ಕೊನೆಯಲ್ಲಿ ಖಂಡಿತ ಕೂಡುವುದಿಲ್ಲ. 53 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕತ್ತರಿಸಿ, ಸೆಂ.ಮೀ.ಗೆ ಒಂದು ಗೆರೆ ಹಾಕಿ. ಒಳಚಕ್ರದ ವ್ಯಾಸ 16.9 ಸೆಂ.ಮೀ. ಇಟ್ಟರೆ ಸುತ್ತಳತೆ ಸರಿಸುಮಾರು 53 ಸೆಂ.ಮೀ. ಪಟ್ಟಿಯನ್ನು ಅಂಚಿಗೆ ಸುತ್ತಿ ಗುರುತು ಇಳಿಸಿ. ಹೊರಚಕ್ರ 20 ಸೆಂ.ಮೀ. ಇರಲಿ, ಎರಡನ್ನೂ ನಡುವೆ ಪಿನ್ನಿನಿಂದ ಕೂಡಿಸಿ, ಕೇಂದ್ರದಿಂದ ಸ್ಕೇಲ್ ಇಟ್ಟು ಗೆರೆಗಳನ್ನು ಹೊರಕ್ಕೆ ಎಳೆಯಿರಿ.

ಹೊರಚಕ್ರದಲ್ಲಿ 0ರಿಂದ 52 ಸಾಲಾಗಿ. ಒಳಚಕ್ರದಲ್ಲಿ ಅಕ್ಷರಗಳನ್ನು ಸಾಲಾಗಿ ಬರೆಯದೆ 17 ಮನೆಗೊಂದರಂತೆ ಹಾರಿಸಿ ಬರೆಯಿರಿ: ಅ 0ನೇ ಮನೆಯಲ್ಲಿ, ಆ 17ರಲ್ಲಿ, ಇ 34ರಲ್ಲಿ, ಈ 51ರಲ್ಲಿ, ಉ 68 − 53 = 15ರಲ್ಲಿ. ಕೊನೆತನಕ ಒಂದೂ ಮನೆ ಎರಡು ಸಲ ತುಂಬುವುದಿಲ್ಲ, 53 ಅವಿಭಾಜ್ಯ ಆಗಿರುವುದರ ಫಲ ಇದು. ತುಂಬಿದ ಮನೆಗೇ ಮತ್ತೆ ಬಂದು ನಿಂತರೆ ಎಲ್ಲೋ ಎಣಿಕೆ ತಪ್ಪಿದೆ ಅಂತಲೇ ಅರ್ಥ. ಈಗ ಅ ಅನ್ನು 8ರ ಎದುರಿಗೆ ತಿರುಗಿಸಿ ನಿಲ್ಲಿಸಿ. ಉ ಎದುರಿಗೆ 23 ಬಂತಲ್ಲ? ಮೇಲೆ ಲೆಕ್ಕ ಹಾಕಿದ್ದೂ ಅದೇ.

ಮಾಟುಂಗವಾಸಿ

ಚಕ್ರ ಮಾಡಿ ನೋಡಿದೆ, ಕೂಡಿತು. ಮಾಟುಂಗ = 35 25 09 23 17 32 08. ಆದರೆ ಉದ್ದದ ಸುಳಿವಿನಲ್ಲಿ 08 ಎಷ್ಟೊಂದು ಸಲ ಬರುತ್ತಿದೆ. ದೊಡ್ಡ ಮಕ್ಕಳು ಕೀಲಿ (ಗುಣಕ, ಕೂಡಿಕೆ) ಇಲ್ಲದೆಯೇ ಕಂಡುಹಿಡಿಯುತ್ತಾರೆ ಅನ್ನಿಸುತ್ತದೆ.

ಶೇಷಗಣಿತ (ಪುಣೆ)

ಹಿಡಿಯುತ್ತಾರೆ. ವರ್ಣ ಬಿಡಿಸಿದ ಕನ್ನಡದಲ್ಲಿ ಅ ಎಲ್ಲಕ್ಕಿಂತ ಹೆಚ್ಚು, ಅದರ ಸಂಖ್ಯೆ 0. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆ. ಹಾಗಾಗಿ ಅತಿ ಹೆಚ್ಚು ಬರುವ ಸಂಖ್ಯೆಯೇ ನಿಮ್ಮ ಕೂಡಿಕೆ. ಆವರ್ತನ ಎಣಿಸಿ ಲಿಪಿ ಒಡೆಯುವ ಈ ಉಪಾಯವನ್ನು 9ನೇ ಶತಮಾನದಲ್ಲೇ ಅರಬ್ ವಿದ್ವಾಂಸ ಅಲ್-ಕಿಂದಿ ಬರೆದಿಟ್ಟಿದ್ದಾರೆ.

ಮುಂದಿನ ಹೆಜ್ಜೆ ಖಾಲಿ ಜಾಗ. 49 × 17 + 8ರ ಶೇಷ 46. ಈ 46 ಖಾಲಿ ಜಾಗ ಎಂದು ಊಹಿಸಿದವರಿಗೆ ಗುಣಕ × 49 = 46 − 8 = 38 ಎಂಬ ಒಂದೇ ಸಮೀಕರಣ. 49ರ ವಿಲೋಮ 13; 38 × 13 = 494, ಶೇಷ 17. ಕೀಲಿ ಕೈಗೆ ಬಂತು. ಒಟ್ಟು ಕೀಲಿಗಳೂ 52 × 53 = 2756 ಮಾತ್ರ.

ಚಕ್ರ ಇಟ್ಟುಕೊಂಡೇ ಗಟ್ಟಿ ಮಾಡಲು ಪ್ರತಿ ವರ್ಣ ಬರೆದ ಮೇಲೆ ಒಳಚಕ್ರವನ್ನು ಒಂದು ಮನೆ ಮುಂದಕ್ಕೆ ಸರಿಸಿ. ಆಗ ನಿಮ್ಮ ಮಾಟುಂಗ 35 26 11 26 21 37 14 ಆಗುತ್ತದೆ. ಎರಡು ಕಡೆ 26 ಇದೆ ನೋಡಿ: ಮೊದಲನೆಯದು ಆ, ಎರಡನೆಯದು ಉ. ಎಣಿಕೆ ಮಾಡುವವರ ಕೈ ಕಟ್ಟಿದಂತಾಯಿತು. ಒಂದು ವರ್ಣ ಬಿಟ್ಟುಹೋದರೆ ಅಲ್ಲಿಂದ ಮುಂದಿನದೆಲ್ಲ ಕೆಡುತ್ತದೆ, ಆದ್ದರಿಂದ ಪ್ರತಿ ಪದಕ್ಕೂ ಚಕ್ರವನ್ನು 8ಕ್ಕೆ ತಂದು ಹೊಸದಾಗಿ ಶುರುಮಾಡಲಿ.

13-14ರ ಮಕ್ಕಳಿಗೆ ಅಮೆರಿಕದ ಗಣಿತಜ್ಞ ಲೆಸ್ಟರ್ ಹಿಲ್ 1929ರಲ್ಲಿ ಪ್ರಕಟಿಸಿದ ಜೋಡಿ ವಿಧಾನ ಕೊಡಬಹುದು. ಎರಡೆರಡು ವರ್ಣ ತೆಗೆದುಕೊಂಡು, ಮೊದಲ ಉತ್ತರ = 3 × ಮೊದಲನೆಯದು + 5 × ಎರಡನೆಯದು; ಎರಡನೆಯ ಉತ್ತರ = 2 × ಮೊದಲನೆಯದು + 7 × ಎರಡನೆಯದು; ಎರಡಕ್ಕೂ 53ರ ಶೇಷ. ನಿರ್ಧಾರಕ, ಅಂದರೆ 3 × 7 − 5 × 2, 21 − 10 = 11, ಸೊನ್ನೆ ಅಲ್ಲ, ಹಾಗಾಗಿ ಹಿಂದಕ್ಕೆ ಬರಬಹುದು. ದಾದರ್ = 32, 1, 32, 0, 41, ಜೊತೆಗೆ ಜೋಡಿ ತುಂಬಿಸಲು 49. ಉತ್ತರ 48 18 43 11 50 01. ಎರಡು ದ್ ಬೇರೆ ಬೇರೆಯಾಗಿವೆ. ಬಿಡಿಸುವ ಗುಣಕಗಳು 44, 14 ಮತ್ತು 48, 34. ಮೊದಲ ಜೋಡಿಯಲ್ಲಿ 44 × 48 + 14 × 18 = 2364, ಶೇಷ 32. ಹೀಗೆ ಹಿಂದಕ್ಕೆ ಬರಬಹುದಾದ ನಾಲ್ಕು ಗುಣಕಗಳ ಜೋಡಣೆಗಳು (ಮಾತೃಕೆಗಳು) 53ರಲ್ಲಿ 77,38,848 ಇವೆ. ಕೈಯಲ್ಲಿ ಹುಡುಕಲಾಗದು, ಕಂಪ್ಯೂಟರಿಗೆ ಲೆಕ್ಕಕ್ಕೇ ಇಲ್ಲ. ಪದದ ನಾಲ್ಕು ವರ್ಣ ಊಹಿಸಿದರೂ ಸಾಕು, ಸಮೀಕರಣ ಬಿಡಿಸಿಯೇ ತೆಗೆಯಬಹುದು. ಆಟಕ್ಕೆ ಚೆನ್ನ, ಪಾಸ್‌ವರ್ಡ್ ಬಚ್ಚಿಡಲು ಅಲ್ಲ.

ಡೊಂಬಿವಲಿ ರಟ್ಟು

ಕೊನೆಯ ಚೀಟಿ ಮಾತ್ರ ಯಾರಿಗೂ ಒಡೆಯಬಾರದು ಅಂದರೆ ತಂಬೋಲದ ಬಿಲ್ಲೆ ಸಾಕು. 1ರಿಂದ 53ರ ಬಿಲ್ಲೆಗಳನ್ನಷ್ಟೇ ಚೀಲಕ್ಕೆ ಹಾಕಿ, ಒಂದು ತೆಗೆಯಿರಿ, ಒಂದು ಕಳೆದು ಬರೆಯಿರಿ, ಬಿಲ್ಲೆಯನ್ನು ವಾಪಸ್ ಹಾಕಿ ಕುಲುಕಿ, ಮತ್ತೆ ತೆಗೆಯಿರಿ. ವರ್ಣಕ್ಕೊಂದು ಸಂಖ್ಯೆ ಕೂಡಿಸಿ 53ರ ಶೇಷ ಬರೆದರೆ, ಆ ಸಂಖ್ಯೆಗಳ ಪಟ್ಟಿ ಸಿಕ್ಕಿದ ತಂಡಕ್ಕೆ ಮಾತ್ರ ಓದಲು ಬರುತ್ತೆ. ಬಿಲ್ಲೆ ವಾಪಸ್ ಹಾಕದಿದ್ದರೆ ಒಮ್ಮೆ ಬಂದದ್ದು ಮತ್ತೆ ಬರುವುದಿಲ್ಲ, ಅದೇ ಒಂದು ಸುಳಿವಾಗುತ್ತೆ. ಒಂದೇ ಪಟ್ಟಿಯನ್ನು ಎರಡು ಚೀಟಿಗೆ ಬಳಸಬೇಡಿ.

ಮಡಗಾಂವ್ ಲಿಪಿಕಾರ (ಗೋವಾ)

ಕಂಪ್ಯೂಟರಿನಲ್ಲಿ ಈ ಸಂಖ್ಯೆ ತೆಗೆಯುವವರು ಒಂದು ಬೈಟ್ (0ರಿಂದ 255ರ ಸಂಖ್ಯೆ) ತೆಗೆದು 53ರ ಶೇಷ ಹಿಡಿಯಬೇಡಿ. 256 = 4 × 53 + 44. 0ರಿಂದ 43ರವರೆಗಿನ ಸಂಖ್ಯೆಗೆ ಐದು ಅವಕಾಶ, 44ರಿಂದ 52ಕ್ಕೆ ನಾಲ್ಕೇ. 212 ಅಥವಾ ಅದಕ್ಕಿಂತ ಹೆಚ್ಚು ಬಂದ ಬೈಟನ್ನು ಬಿಸಾಡಿ, ಮತ್ತೊಂದು ತೆಗೆಯಿರಿ.

ಇನ್ನು ಚೀಟಿ ನಕಲು ಮಾಡುವಾಗ ಆಗುವ ತಪ್ಪು. ಸಾಲಿನ ಕೊನೆಗೆ ಒಂದು ತಾಳೆ ಸಂಖ್ಯೆ ಸೇರಿಸಿ: ಮೊದಲ ಸಂಖ್ಯೆ × 1, ಎರಡನೆಯದು × 2, ಹೀಗೆ ಕೂಡಿಸಿ 53ರ ಶೇಷ. ಮುಂಬೈಗೆ 35 + 46 + 51 + 4 + 10 = 146, ಶೇಷ 40. ಯಾರಾದರೂ 23, 17 ಅದಲುಬದಲು ಬರೆದರೆ 152 ಆಗಿ ಶೇಷ 46 ಬರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಸಾಲು 52 ಸಂಖ್ಯೆ ಮೀರಬಾರದು. 53ನೆಯದನ್ನು 53ರಿಂದ ಗುಣಿಸಿದರೆ ಶೇಷ ಸದಾ 0, ಅಲ್ಲಿನ ತಪ್ಪು ಕಾಣುವುದೇ ಇಲ್ಲ.

ಮಕ್ಕಳೇ ಉತ್ತರವನ್ನು ಗುಪ್ತಲಿಪಿಯಲ್ಲಿ ಬರೆದು ಕೊಡಬೇಕೆಂದಿದ್ದರೆ ಇನ್ನೊಂದು ಗಮನಿಸಿ. ಶಾಲೆಯಲ್ಲಿ ಮರಾಠಿ ಬರೆಯುವ ಮಕ್ಕಳಿಗೆ ಎ-ಏ, ಒ-ಓ ಬೇರೆ ಎಂಬುದು ಕೈಗೆ ಹತ್ತಿರುವುದಿಲ್ಲ, ಅಲ್ಲಿ ಒಂದೊಂದೇ ಅಕ್ಷರ. ಒಲೆ ಬರೆಯಬೇಕಾದಲ್ಲಿ ಓಲೆ ಬರುತ್ತದೆ, 10ರ ಬದಲು 11. ಉತ್ತರವನ್ನು ಸಂಖ್ಯೆಗೆ ಸಂಖ್ಯೆ ಹೋಲಿಸದೆ, ಬಿಡಿಸಿ ಓದಿ ಅಂಕ ಕೊಡಿ.