ಟ್ರಾಲಿಯ ಮೇಲಿನ ಒಂದೇ ಸಲೈನ್ ಬಾಟಲಿಯಿಂದ ಎಲ್ಲ ರೋಗಿಗಳ ಇಂಜೆಕ್ಷನ್ ಕಲಸಬಹುದೇ?

ಪ್ರಶ್ನೆ (ವಾರ್ಡ್ ನರ್ಸ್)

ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ 30 ಹಾಸಿಗೆಗಳ ವಾರ್ಡೊಂದಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಇಲ್ಲಿ ಬೆಳಿಗ್ಗೆ 500 ಮಿ.ಲೀ. ನಾರ್ಮಲ್ ಸಲೈನ್ ಬಾಟಲಿಯೊಂದರ ರಬ್ಬರಿಗೆ ಸೂಜಿ ಚುಚ್ಚಿ ಟ್ರಾಲಿಯ ಮೇಲೆ ಇಡುತ್ತಾರೆ. ರಾತ್ರಿಯವರೆಗೂ ಆ್ಯಂಟಿಬಯೋಟಿಕ್ ಕಲಸುವುದಕ್ಕೂ ಕ್ಯಾನುಲಾ (ರಕ್ತನಾಳದಲ್ಲಿ ಇರಿಸಿದ ಸಣ್ಣ ಕೊಳವೆ) ಫ್ಲಷ್ ಮಾಡುವುದಕ್ಕೂ, ಅಂದರೆ ಸಲೈನ್ ಹಾಯಿಸಿ ತೊಳೆಯುವುದಕ್ಕೂ, ಎಲ್ಲರೂ ಆ ಸೂಜಿಯಿಂದಲೇ ಎಳೆದುಕೊಳ್ಳುತ್ತಾರೆ. ಹಿರಿಯರನ್ನು ಕೇಳಿದರೆ, ವರ್ಷಗಳಿಂದ ಹೀಗೆಯೇ ನಡೆದಿದೆ, ಏನೂ ಆಗಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಲ್ಯಾಮಿನಾರ್ ಫ್ಲೋ ಹುಡ್ (ಶೋಧಿಸಿದ ಗಾಳಿಯಲ್ಲಿ ಔಷಧ ಕಲಸುವ ಪೆಟ್ಟಿಗೆ) ಇಲ್ಲ. ಹಾಗಿರುವಾಗ ಸರಿಯಾದ ಕ್ರಮ ಯಾವುದು?

ಉತ್ತರ 1 (ಆಸ್ಪತ್ರೆಯ ಫಾರ್ಮಸಿಸ್ಟ್)

ದಯವಿಟ್ಟು ಆ ಸೂಜಿಯನ್ನು ಮೊದಲು ತೆಗೆಸಿ. ರಬ್ಬರಿನಲ್ಲಿ ಸೂಜಿ ನಿಂತಿರುವಷ್ಟು ಹೊತ್ತೂ ವಾರ್ಡಿನ ಗಾಳಿಗೂ ಬಾಟಲಿಯ ಒಳಕ್ಕೂ ನೇರ ದಾರಿ ತೆರೆದಿರುತ್ತದೆ. ಸಲೈನಿನಲ್ಲಿ ಸಂರಕ್ಷಕ ರಾಸಾಯನಿಕ ಇರುವುದಿಲ್ಲವಾದ್ದರಿಂದ, ಒಮ್ಮೆ ಒಳಹೊಕ್ಕ ಸೂಕ್ಷ್ಮಾಣುವನ್ನು ತಡೆಯುವುದು ಅದರಲ್ಲಿ ಏನೂ ಇಲ್ಲ. ದ್ರವ ತಿಳಿಯಾಗಿಯೇ ಕಾಣುತ್ತಿದ್ದರೂ ಅದು ಕಲುಷಿತವಾಗಿರಬಹುದು.

ಇದಕ್ಕಿಂತ ದೊಡ್ಡ ಅಪಾಯ ರಕ್ತದ್ದು. ಅಮೆರಿಕದ ನೆಬ್ರಾಸ್ಕ ರಾಜ್ಯದ ಫ್ರೀಮಾಂಟ್ ಪಟ್ಟಣದ ಕ್ಯಾನ್ಸರ್ ಚಿಕಿತ್ಸಾಲಯವೊಂದರಲ್ಲಿ, 2000-2001ರ ಅವಧಿಯಲ್ಲಿ, ರೋಗಿಯ ಕ್ಯಾಥೆಟರಿನಿಂದ (ರಕ್ತನಾಳದ ಕೊಳವೆಯಿಂದ) ರಕ್ತ ಎಳೆದ ಸಿರಿಂಜಿನಿಂದಲೇ ಎಲ್ಲರಿಗೂ ಬಳಸುವ 500 ಮಿ.ಲೀ. ಸಲೈನ್ ಚೀಲದಿಂದ ಫ್ಲಷ್ ತೆಗೆಯಲಾಗುತ್ತಿತ್ತು. 99 ರೋಗಿಗಳಿಗೆ ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಸಿ ಹರಡಿತು. ಸೋಂಕಿನ ಲಕ್ಷಣ ಎಷ್ಟೋ ಕಾಲದ ನಂತರ ತೋರಬಹುದಾದ್ದರಿಂದ, ‘ಏನೂ ಆಗಿಲ್ಲ’ ಎಂಬ ಮಾತನ್ನು ನಾನು ಒಪ್ಪಲಾರೆ.

ಹುಡ್ ಒಳಗೆ ಹೆಪಾ ಫಿಲ್ಟರ್ (ಸೂಕ್ಷ್ಮ ಕಣಗಳನ್ನು ತಡೆಯುವ ಶೋಧಕ) ದಾಟಿ ಬಂದ ಗಾಳಿ ಔಷಧದ ಮೇಲೆ ಹರಿಯುತ್ತದೆ. ಆ ಸೌಲಭ್ಯ ಇಲ್ಲದ ಕಡೆ ಉಳಿಯುವ ರಕ್ಷಣೆ ಎರಡೇ: ಮುಟ್ಟಬಾರದ್ದನ್ನು ಮುಟ್ಟದಿರುವುದು, ಕಲಸಿದ್ದನ್ನು ಇಟ್ಟುಕೊಳ್ಳದೆ ಕೂಡಲೇ ಕೊಡುವುದು. ಸಿಂಕಿನಿಂದ ದೂರದ ಒಂದು ಮೇಜನ್ನು ಇದಕ್ಕೆಂದೇ ಮೀಸಲಿಡಿ. ಕೈ ಶುಚಿ ಮಾಡಿಕೊಂಡು, ವಯಲಿನ (ರಬ್ಬರ್ ಬಿರಡೆಯ ಔಷಧ ಸೀಸೆಯ) ಮುಚ್ಚಳ ತೆಗೆದ ಮೇಲೆ ರಬ್ಬರನ್ನು 70 ಶೇಕಡಾ ಆಲ್ಕೋಹಾಲಿನಿಂದ ಉಜ್ಜಿ, ಅದು ತಾನಾಗಿಯೇ ಆರುವ ತನಕ ಕಾಯಿರಿ, ಊದಬೇಡಿ, ಬೀಸಬೇಡಿ. ಸೂಜಿಯನ್ನಾಗಲಿ, ಸಿರಿಂಜಿನ ತುದಿಯನ್ನಾಗಲಿ, ಪ್ಲಂಜರಿನ ಒಳಹೋಗುವ ಭಾಗವನ್ನಾಗಲಿ ಬೆರಳು ತಾಕಕೂಡದು.

ಉತ್ತರ 2 (ನಿವೃತ್ತ ನರ್ಸಿಂಗ್ ಮೇಲ್ವಿಚಾರಕಿ)

ಮೇಲಿನ ಮಾತಿಗೆ ಔಷಧದ ಹೊಂದಾಣಿಕೆಯ ವಿಷಯವನ್ನೂ ಸೇರಿಸುತ್ತೇನೆ, ಏಕೆಂದರೆ ಕೈಗೆ ಸಿಕ್ಕ ದ್ರವದಲ್ಲಿ ಕಲಸುವ ಅಭ್ಯಾಸ ಅಲ್ಲೂ ಕೆಡುಕು ಮಾಡುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕನ್ನು ಆರ್.ಎಲ್. (ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ) ಜೊತೆ ಎಂದಿಗೂ ಬೆರೆಸಬಾರದು, ಆರ್.ಎಲ್.ನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಅದು ಹರಳುಗಟ್ಟುತ್ತದೆ, ಮತ್ತು ನವಜಾತ ಶಿಶುಗಳಲ್ಲಿ ಇದರಿಂದ ಸಾವುಗಳೇ ಸಂಭವಿಸಿವೆ. ಅಪಸ್ಮಾರದ ಔಷಧ ಫೆನಿಟೋಯಿನ್ ಡೆಕ್ಸ್‌ಟ್ರೋಸಿನಲ್ಲಿ (ಸಕ್ಕರೆ ದ್ರಾವಣದಲ್ಲಿ) ಗಸಿಗಟ್ಟುವುದರಿಂದ ಅದಕ್ಕೆ ನಾರ್ಮಲ್ ಸಲೈನ್ ಮಾತ್ರ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು (ಒಂದೇ ಬಾರಿ ಬಳಸುವ ಪುಟ್ಟ ಸೀಸೆಯನ್ನು) ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ನೇತುಹಾಕಿದ ಬಾಟಲಿಗೆ ಅದನ್ನು ಸೇರಿಸಿ ಸುಮ್ಮನಾದರೆ ಭಾರವಾದ ದ್ರಾವಣ ತಳದಲ್ಲೇ ನಿಂತು, ಮೊದಲ ಹನಿಗಳಲ್ಲಿಯೇ ಇಳಿದುಬಿಡಬಹುದು. ಆದುದರಿಂದ ಬಾಟಲಿಯನ್ನು ಕೆಳಗಿಳಿಸಿ, ಔಷಧ ಸೇರಿಸಿ, ಹಲವು ಬಾರಿ ತಲೆಕೆಳಗು ಮಾಡಿ ಬೆರೆಸಿದ ಮೇಲೆಯೇ, ರೋಗಿಯ ಹೆಸರು, ಔಷಧ, ಪ್ರಮಾಣ, ಸಮಯ ಬರೆದ ಚೀಟಿ ಅಂಟಿಸಿ ಹಾಕಬೇಕು.

ಹನಿಯ ಲೆಕ್ಕವನ್ನೂ ಕಣ್ಣಂದಾಜಿಗೆ ಬಿಡಬೇಡಿ. ಒಂದು ಮಿ.ಲೀ.ಗೆ 20 ಹನಿ ಬೀಳುವ ಡ್ರಿಪ್ ಸೆಟ್ಟಿನಲ್ಲಿ 500 ಮಿ.ಲೀ.ಯನ್ನು 8 ಗಂಟೆಗಳಲ್ಲಿ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 21 ಹನಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪ್ರತಿ ಫ್ಲಷ್‌ಗೂ ಹೊಸ ಬಾಟಲಿ ಕೇಳಿದರೆ ಸ್ಟೋರಿನಿಂದ ಸಿಗಲಾರದು. ಆಗೇನು ಮಾಡಲಿ? ಹಲವು ಡೋಸ್‌ಗಳ ಲಿಗ್ನೋಕೇನ್ (ಮರಗಟ್ಟಿಸುವ ಔಷಧ) ವಯಲಿಗೂ ಇದೇ ನಿಯಮವೇ?

ಉತ್ತರ 3 (ಆಸ್ಪತ್ರೆಯ ಫಾರ್ಮಸಿಸ್ಟ್)

ಬಾಟಲಿ ಬೇಕಾಗಿಯೇ ಇಲ್ಲ. 10 ಮಿ.ಲೀ.ಯ ಸಲೈನ್ ಮತ್ತು ಸ್ಟೆರೈಲ್ ವಾಟರ್ ಪ್ಲಾಸ್ಟಿಕ್ ಆಂಪೂಲುಗಳಿಗೆ ಇಂಡೆಂಟ್ (ಸ್ಟೋರಿಗೆ ಬೇಡಿಕೆ ಪತ್ರ) ಬರೆಯಿರಿ. ಒಂದು ಆಂಪೂಲು ಒಬ್ಬ ರೋಗಿಗೆ, ಒಂದೇ ಬಾರಿಗೆ, ಮಿಕ್ಕಿದ್ದನ್ನು ಚೆಲ್ಲಿಬಿಡಿ. ಸೆಫ್ಟ್ರಿಯಾಕ್ಸೋನ್ 1 ಗ್ರಾಂ ವಯಲಿನ ಜೊತೆಗೆ ಸ್ಟೆರೈಲ್ ವಾಟರ್ ಆಂಪೂಲು ಅನೇಕ ಕಂಪನಿಗಳಿಂದ ಬಂದೇ ಇರುತ್ತದೆ, ನಾವು ಅದನ್ನು ಪಕ್ಕಕ್ಕಿಟ್ಟು ಬಾಟಲಿಗೆ ಕೈಹಾಕುತ್ತೇವೆ.

ಸಂರಕ್ಷಕ ಇರುವ ಬಹುಡೋಸ್ ವಯಲಿನ ಮಾತು ಬೇರೆ. ತೆರೆದ ದಿನಾಂಕವನ್ನು ಅದರ ಮೇಲೆ ಬರೆಯಬೇಕು, ಪ್ರತಿ ಸಲವೂ ಹೊಸ ಸೂಜಿ, ಹೊಸ ಸಿರಿಂಜು ಬಳಸಬೇಕು, ಮತ್ತು ತಯಾರಕರು ಬೇರೆ ಅವಧಿ ಹೇಳಿಲ್ಲವಾದರೆ 28 ದಿನಗಳಿಗೆ ಅದನ್ನು ಎಸೆಯಬೇಕು. ಅದನ್ನು ರೋಗಿಯ ಹಾಸಿಗೆಯ ಬಳಿಗೆ ಒಯ್ಯಬೇಡಿ; ಒಯ್ದದ್ದಾದರೆ ಆ ವಯಲು ಆ ರೋಗಿಗಷ್ಟೇ ಮೀಸಲು.