‘ಮೋರ್ ಬೆಟರ್’ ಯಾಕೆ ತಪ್ಪು? ‘ಸೀನಿಯರ್ ದ್ಯಾನ್’ ಯಾಕಿಲ್ಲ? ಒಇಟಿಗೆ ಓದುವವರಿಗೆ ಸಹಾಯ ಬೇಕಿತ್ತು

ಕಂಕನಾಡಿ ಸಿಸ್ಟರ್ ಕೇಳಿದ್ದು:

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಯುಕೆಗೆ ಹೋಗುವ ಆಸೆಯಿಂದ ಒಇಟಿಗೆ, ಅಂದರೆ ಆಸ್ಪತ್ರೆ ಕೆಲಸದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದೇನೆ. ಉಳಿದದ್ದೆಲ್ಲ ಹೇಗೋ ನಡೆಯುತ್ತದೆ. ಬರೆಯುವ ಭಾಗದಲ್ಲೇ ತೊಂದರೆ. 180ರಿಂದ 200 ಪದಗಳ ಒಂದು ಪತ್ರ ಬರೆಯಬೇಕು, ರೋಗಿಯನ್ನು ಬೇರೆ ಕಡೆ ಕಳಿಸುವಾಗ ಬರೆಯುತ್ತೇವಲ್ಲ, ಅಂಥದ್ದು.

ಕೋಚಿಂಗ್‌ನಲ್ಲಿ ಉದ್ದದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂದಿದ್ದಾರೆ. ಯಾವ ಕ್ರಿಯಾಪದಕ್ಕೆ ‘ಆಫ್’, ಯಾವುದಕ್ಕೆ ‘ಟು’, ಯಾವುದಕ್ಕೆ ‘ಫ್ರಮ್’ ಅಂತ. ನೈಟ್ ಡ್ಯೂಟಿ ಮುಗಿಸಿ ಬಂದು ಅದನ್ನು ತೆರೆದರೆ ನಿದ್ದೆ ಬರುತ್ತದೆ, ಬೇರೇನೂ ಬರುವುದಿಲ್ಲ. ‘ಪೇಷಂಟ್ ಈಸ್ ಮೋರ್ ಬೆಟರ್ ದ್ಯಾನ್ ಯೆಸ್ಟರ್‌ಡೇ’ ಅಂತ ವಾರ್ಡಿನಲ್ಲಿ ಎಲ್ಲರೂ ಹೇಳುತ್ತಾರೆ. ಕ್ಲಾಸಿನಲ್ಲಿ ಅದಕ್ಕೆ ಕೆಂಪು ಗೆರೆ. ‘ಓಲ್ಡರ್ ದ್ಯಾನ್’ ಸರಿಯಂತೆ, ‘ಸೀನಿಯರ್ ದ್ಯಾನ್’ ತಪ್ಪಂತೆ. ಕಾರಣ ಕೇಳಿದರೆ ‘ಅದು ಹಾಗೇ’ ಅನ್ನುತ್ತಾರೆ. ಇದಕ್ಕೆ ಏನಾದರೂ ಲೆಕ್ಕಾಚಾರ ಉಂಟಾ, ಅಥವಾ ಸುಮ್ನೆ ಉರು ಹೊಡೆಯಬೇಕಾ?

ಕುಂಜಿಬೆಟ್ಟು ಮೇಷ್ಟ್ರು:

ಸಿಸ್ಟರ್, ಆ ಪಟ್ಟಿಯನ್ನು ಬದಿಗಿಡಿ. ನಿಮಗೆ ಕನ್ನಡ ಬರುತ್ತದೆ, ಅಲ್ವಾ? ಬಹಳಷ್ಟು ಕೆಲಸ ಅಲ್ಲೇ ಮುಗಿದಿದೆ.

ಇಂಗ್ಲಿಷಿನ ಈ ಪುಟ್ಟ ಪದಗಳ ಕೆಲಸವನ್ನು ನಮ್ಮಲ್ಲಿ ವಿಭಕ್ತಿ ಮಾಡುತ್ತದೆ. ‘ಜ್ವರದಿಂದ ಬಳಲು’ ಅಂದರೆ ‘ಸಫರ್ ಫ್ರಮ್’. ‘ಔಷಧಿಗೆ ಸ್ಪಂದಿಸು’ ಅಂದರೆ ‘ರೆಸ್ಪಾಂಡ್ ಟು’. ‘ಆಸ್ಪತ್ರೆಗೆ ಸೇರಿಸು’ ಅಂದರೆ ‘ಅಡ್ಮಿಟ್ ಟು’. ಈ ಕೊನೆಯದನ್ನು ನೋಡಿ. ನಮ್ಮವರು ‘ಅಡ್ಮಿಟೆಡ್ ಇನ್’ ಅಂತ ಬರೆಯುತ್ತಾರೆ. ಕನ್ನಡದಂತೆ ಯೋಚಿಸಿದ್ದರೆ ಸರಿಯಾಗಿಯೇ ಬರುತ್ತಿತ್ತು! ಹೀಗೆ ಎರಡೂ ಭಾಷೆ ಹೊಂದುವ ಕಡೆ ಬಾಯಿಪಾಠ ಯಾಕೆ?

ಹೊಂದದ ಕಡೆ ಮಾತ್ರ ಜಾಗ್ರತೆ ಬೇಕು. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುತ್ತೇವೆ, ಹಾಗಾಗಿ ‘ಡಿಸ್ಕಸ್ ಅಬೌಟ್’ ಬಂದುಬಿಡುತ್ತದೆ. ‘ಡಿಸ್ಕಸ್’ಗೆ ಏನೂ ಬೇಡ. ‘ವಾರ್ಡಿಗೆ ತಲುಪಿದರು’ ಅನ್ನುತ್ತೇವೆ, ‘ರೀಚ್ಡ್ ಟು’ ಆಗುತ್ತದೆ. ಅಲ್ಲೂ ಏನೂ ಬೇಡ. ‘ಕಂಪ್ಲೇನ್’ ಮಾತ್ರ ಸ್ವಲ್ಪ ಕಿಲಾಡಿ. ಎದೆನೋವು, ವಾಂತಿ, ತಲೆಸುತ್ತು ಇದ್ದರೆ ‘ಕಂಪ್ಲೇನ್ಸ್ ಆಫ್’. ಕ್ಯಾಂಟೀನಿನ ಸಾಂಬಾರು ಸಪ್ಪೆ ಅಂತ ಗೊಣಗಿದರೆ ‘ಕಂಪ್ಲೇನ್ಸ್ ಅಬೌಟ್’. ಎದೆನೋವಿಗೆ ‘ಅಬೌಟ್’ ಹಾಕಿದರೆ ರೋಗಿ ಆಸ್ಪತ್ರೆಯವರ ಹತ್ತಿರ ತಕರಾರು ತೆಗೆದ ಹಾಗಿರುತ್ತದೆ. ಇಂಥವನ್ನಷ್ಟೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮ ಕೆಲಸಕ್ಕೆ ಬೇಕಾದವು ಒಂದೆರಡು ಪುಟ ದಾಟಲಿಕ್ಕಿಲ್ಲ.

ಇನ್ನು ‘ಮೋರ್ ಬೆಟರ್’. ‘ನಿನ್ನೆಗಿಂತ ಇವತ್ತು ಚೆನ್ನಾಗಿದ್ದಾರೆ’ ಅನ್ನುವಾಗ ಇಡೀ ಹೋಲಿಕೆಯನ್ನು ‘ಗಿಂತ’ ಹೊತ್ತುಕೊಂಡಿರುತ್ತದೆ. ‘ಚೆನ್ನಾಗಿ’ ಅನ್ನುವುದು ಇದ್ದಲ್ಲೇ ಇರುತ್ತದೆ. ತುಳುವಿನಲ್ಲೂ ಅಷ್ಟೆ. ‘ಅವೆಡ್ದ್ ಉಂದು ಎಡ್ಡೆ’ (ಅದಕ್ಕಿಂತ ಇದು ಒಳ್ಳೆಯದು) ಅಂದಾಗ ‘ಎಡ್ಡೆ’ ಬದಲಾಯಿತಾ? ಇಂಗ್ಲಿಷಿನಲ್ಲಿ ಗುಣವಾಚಕವೇ ರೂಪ ಬದಲಿಸುತ್ತದೆ. ‘ಬೆಟರ್’ ಒಳಗೇ ಹೋಲಿಕೆ ಇದೆ ಅಂತ ನಮ್ಮ ಕಿವಿಗೆ ತಟ್ಟುವುದಿಲ್ಲ. ಅದಕ್ಕೇ ಮೇಲೊಂದು ‘ಮೋರ್’ ಹೇರುತ್ತೇವೆ. ನಾಚಿಕೆಪಡಬೇಕಾಗಿಲ್ಲ. ಶೇಕ್ಸ್‌ಪಿಯರ್ ಕಾಲದಲ್ಲಿ ಇಂಗ್ಲಿಷಿನವರೂ ಹೀಗೆ ಬರೆಯುತ್ತಿದ್ದರು. 18ನೇ ಶತಮಾನದ ವ್ಯಾಕರಣದವರು ಅದನ್ನು ತಪ್ಪು ಅಂತ ಸಾರಿದರು. ಈಗ ಒತ್ತು ಕೊಡಬೇಕಾದರೆ ‘ಮಚ್ ಬೆಟರ್’, ಸ್ವಲ್ಪವಾದರೆ ‘ಸ್ಲೈಟ್ಲಿ ಬೆಟರ್’. ‘ವೆರಿ ಬೆಟರ್’ ಇಲ್ಲ. ‘ಇಂಪ್ರೂವ್ಡ್ ಬೆಟರ್’ ಅಂತಲೂ ಬೇಡ, ‘ಇಂಪ್ರೂವ್’ ಅಂದರೇ ಮೊದಲಿಗಿಂತ ಚೆನ್ನಾಗುವುದು.

‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್ಫೀರಿಯರ್’, ‘ಪ್ರಯರ್’ ಲ್ಯಾಟಿನ್‌ನಿಂದ ಬಂದ ಪದಗಳು. ಅಲ್ಲಿ ಅವು ಹುಟ್ಟಿನಿಂದಲೇ ಹೋಲಿಕೆಯ ರೂಪಗಳು. ಇಂಗ್ಲಿಷಿಗೆ ಬಂದ ಮೇಲೆ ‘ದ್ಯಾನ್’ ಸಹವಾಸ ಮಾಡಲಿಲ್ಲ, ‘ಟು’ ಹಿಡಿದುಕೊಂಡವು. ‘ಪ್ರಿಫರ್’ ಕೂಡ ಹಾಗೇ: ‘ಶೀ ಪ್ರಿಫರ್ಸ್ ಟೀ ಟು ಕಾಫಿ’. ‘ಮೋರ್ ಸೀನಿಯರ್’ ಅಂತೂ ಬರೆಯಲೇಬೇಡಿ.

ಕುಂದಾಪುರ ಟು ಲೀಡ್ಸ್:

ಮೇಷ್ಟ್ರು ಹೇಳಿದ್ದು ಚೆಂದ ಉಂಟು. ಕೊನೆಯ ಸಾಲು ಮಾತ್ರ ನಾನು ಒಪ್ಪುವುದಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ‘ಆಸ್ಕ್ ಎ ಮೋರ್ ಸೀನಿಯರ್ ನರ್ಸ್’ ಅಂತ ದಿನಾ ಕೇಳುತ್ತೇನೆ, ಹೇಳುವವರು ಇಲ್ಲೇ ಹುಟ್ಟಿ ಬೆಳೆದವರು. ‘ಸುಪೀರಿಯರ್’, ‘ಪ್ರಯರ್’ ವಿಷಯದಲ್ಲಿ ‘ಟು’ ಪಕ್ಕಾ. ‘ಡಿಫರೆಂಟ್’ಗೆ ಇಲ್ಲಿ ‘ಟು’ ಅನ್ನುವವರೂ ಇದ್ದಾರೆ, ಅಮೆರಿಕದಲ್ಲಿ ‘ದ್ಯಾನ್’ ಅನ್ನುತ್ತಾರೆ. ಪರೀಕ್ಷೆಯಲ್ಲಿ ‘ಫ್ರಮ್’ ಬರೆದುಬಿಡಿ, ಯಾರೂ ಕೇಳುವುದಿಲ್ಲ.

ಸಿಸ್ಟರ್, ‘ಮೋರ್ ಬೆಟರ್’ ಅಂದರೆ ಯಾರಿಗೂ ಏನೂ ಆಗುವುದಿಲ್ಲ ಮಾರಾಯ್ರೆ. ಹೆದರಬೇಕಾದದ್ದು ‘ಇನ್‌ಕ್ರೀಸ್’ಗೆ. 5 ಮಿಲಿಗ್ರಾಂ ತೆಗೆದುಕೊಳ್ಳುವ ರೋಗಿಗೆ ‘ಇನ್‌ಕ್ರೀಸ್ಡ್ ಬೈ 10’ ಅಂದರೆ 15 ಆಯಿತು. ‘ಇನ್‌ಕ್ರೀಸ್ಡ್ ಟು 10’ ಅಂದರೆ 10. ಕನ್ನಡದಲ್ಲಿ ‘10 ಏರಿಸಿದರು’, ‘10ಕ್ಕೆ ಏರಿಸಿದರು’ ಅನ್ನುವಷ್ಟೇ ವ್ಯತ್ಯಾಸ. ಮಾತಿನಲ್ಲಾದರೆ ಎದುರಿಗಿದ್ದವರು ತಿರುಗಿ ಕೇಳಬಹುದು. ಪತ್ರ ಓದುವವರು ಬೇರೆ ಊರಿನಲ್ಲಿ ಇರುತ್ತಾರೆ. ನಾನು ಯಾವಾಗಲೂ ‘ಫ್ರಮ್ 5 ಟು 10’ ಅಂತ ಎರಡೂ ಸಂಖ್ಯೆ ಬರೆಯುತ್ತೇನೆ. ಬಿಪಿ, ಶುಗರ್, ತೂಕ, ಎಲ್ಲದಕ್ಕೂ ಇದೇ ಅಭ್ಯಾಸ ಮಾಡಿಕೊಳ್ಳಿ.

ಮತ್ತೆ, ‘ಕೋಪ್ ಅಪ್ ವಿತ್’ ಅನ್ನುವುದನ್ನು ಊರಲ್ಲೇ ಬಿಟ್ಟು ಬನ್ನಿ. ‘ಕೋಪ್ ವಿತ್’ ಸಾಕು.

ಬಿಜೈ ಬ್ಯಾಕ್‌ಬೆಂಚ್:

ದೊಡ್ಡ ಡಿಕ್ಷನರಿ ಬೇಡ, ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿ ನೋಡಿ. ಅದರಲ್ಲಿ ಕ್ರಿಯಾಪದದ ಪಕ್ಕ ಯಾವ ಪದ ಬರುತ್ತದೆ ಅಂತ ದಪ್ಪ ಅಕ್ಷರದಲ್ಲಿ ಕೊಟ್ಟಿರುತ್ತಾರೆ, ಆನ್‌ಲೈನ್ ಫ್ರೀ. ಆಕ್ಸ್‌ಫರ್ಡಿನದ್ದರ ಮೂಲ ಹಾರ್ನ್‌ಬಿ ಅನ್ನುವವರದ್ದು. ಅವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಅದು ಮೊದಲು ಅಚ್ಚಾದದ್ದೂ ಅಲ್ಲೇ, 1942ರಲ್ಲಿ. ಜಪಾನಿನವರಿಗೂ ನಮ್ಮದೇ ಕಷ್ಟ ಇತ್ತು ಅಂತಾಯಿತು.

ಕಂಕನಾಡಿ ಸಿಸ್ಟರ್:

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ‘ಬೈ’ ಮತ್ತು ‘ಟು’ ವಿಷಯ ನಮ್ಮ ವಾರ್ಡಿನ ಹುಡುಗಿಯರಿಗೂ ಹೇಳಿದೆ. ಮೇಷ್ಟ್ರೇ, ಇನ್ನೊಂದೇ ಒಂದು. ಉಬ್ಬಸದ ರೋಗಿ. ಮಲಗುವುದಕ್ಕಿಂತ ಎದ್ದು ಕೂತರೆ ಅವರಿಗೆ ಹಾಯಾಗುತ್ತದೆ. ‘ಹಿ ಪ್ರಿಫರ್ಸ್ ಟು ಸಿಟ್ ದ್ಯಾನ್ ಟು ಲೈ’ ಅಂತ ಬರೆದಿದ್ದೇನೆ. ನಡೆಯುತ್ತದಾ?

ಕುಂಜಿಬೆಟ್ಟು ಮೇಷ್ಟ್ರು:

ನಡೆಯುವುದಿಲ್ಲ. ‘ಪ್ರಿಫರ್ಸ್ ಸಿಟಿಂಗ್ ಅಪ್ ಟು ಲೈಯಿಂಗ್ ಡೌನ್’ ಆಗಬೇಕು. ‘ಟು ಸಿಟ್’ ಅಂತಲೇ ಬೇಕಿದ್ದರೆ ಮುಂದೆ ‘ರಾದರ್ ದ್ಯಾನ್ ಲೈ ಡೌನ್’ ಹಾಕಿ. ಆದರೆ ನಾನಾಗಿದ್ದರೆ ಇಲ್ಲಿ ‘ಪ್ರಿಫರ್’ ಬಿಟ್ಟೇಬಿಡುತ್ತಿದ್ದೆ. ಟೀ ಬೇಕಾ ಕಾಫಿ ಬೇಕಾ ಅನ್ನುವುದು ಆಯ್ಕೆ. ಉಸಿರು ಕಟ್ಟುವವನು ಎದ್ದು ಕೂರುವುದು ಆಯ್ಕೆಯಲ್ಲ. ‘ಹಿ ಈಸ್ ಮೋರ್ ಕಂಫರ್ಟಬಲ್ ಸಿಟಿಂಗ್ ಅಪ್ ದ್ಯಾನ್ ಲೈಯಿಂಗ್ ಡೌನ್’ ಅಂತ ಬರೆಯಿರಿ. ಉದ್ದದ ಪದವಾದ್ದರಿಂದ ಇಲ್ಲಿ ‘ಮೋರ್’ ಧಾರಾಳವಾಗಿ ಹಾಕಬಹುದು.

‘ಮೋರ್ ಸೀನಿಯರ್’ ವಿಷಯದಲ್ಲಿ ಲೀಡ್ಸ್‌ನವರು ಹೇಳಿದ್ದು ಸರಿಯೇ, ಡಿಕ್ಷನರಿಯಲ್ಲೂ ಉಂಟು. ನಾನಂತೂ ಬರೆಯುವವನಲ್ಲ.