‘ಲಯಬದ್ಧವಾಗಿ’ ಎಂದು ಎಲ್ಲಿ ಬರೆಯಬೇಕು, ಎಲ್ಲಿ ಬೇಡ

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಈಗಷ್ಟೇ ನೋಡಿದೆ. ಪ್ರಬಂಧದಲ್ಲಿ ‘ಲಯಬದ್ಧವಾಗಿ’ ಎಂಬ ಪದವನ್ನು ನೀನು ಮೂರು ಕಡೆ ಬಳಸಿದ್ದೀಯೆ. ಕೋಲಾಟದವರು ಲಯಬದ್ಧವಾಗಿ ಹೆಜ್ಜೆ ಹಾಕಿದರು, ಫ್ಯಾನು ಲಯಬದ್ಧವಾಗಿ ತಿರುಗಿತು, ಗಾಳಿಗೆ ಬಾಗಿಲು ಲಯಬದ್ಧವಾಗಿ ಬಡಿದುಕೊಂಡಿತು. ಕೊನೆಯ ಎರಡಕ್ಕೆ ಟೀಚರ್ ಕೆಂಪು ಗೆರೆ ಎಳೆದಿದ್ದಾರೆ, ಏಕೆಂದು ನಿನಗೆ ತಿಳಿಯುತ್ತಿಲ್ಲ. ನಿನ್ನ ಚಿಕ್ಕಪ್ಪ ‘ಪದೇ ಪದೇ ಎಂದು ಅರ್ಥ, ಮೂರೂ ಸರಿ’ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದಾನೆ. ನನಗೆ ಟೀಚರ್ ಹೇಳಿದ್ದೇ ಸರಿ ಎನ್ನಿಸುತ್ತದೆ. ಇಷ್ಟನ್ನೆಲ್ಲ ಫೋನಿನಲ್ಲಿ ಟೈಪ್ ಮಾಡಲು ಆಗದ ಕಾರಣ ಮಾತಿನಲ್ಲೇ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾದರೂ ಪೂರ್ತಿ ಕೇಳು.

‘ಲಯಬದ್ಧವಾಗಿ’ ಎನ್ನಲು ಚಲನೆ ಮತ್ತೆ ಮತ್ತೆ ಆಗಬೇಕು ಎನ್ನುವುದು ನಿಜ, ಆದರೆ ಅಷ್ಟೇ ಸಾಲದು. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವಿನ ಬಿಡುವು ಯಾವುದಾದರೂ ಒಂದು ಅಳತೆಗೆ ಒಳಪಟ್ಟಿರಬೇಕು, ಮುಂದಿನದು ಯಾವಾಗ ಬೀಳುತ್ತದೆಂದು ಕೇಳುವವರ ಕಿವಿಗೋ ಕಾಲಿಗೋ ಮೊದಲೇ ಗೊತ್ತಾಗುವಂತಿರಬೇಕು. ಸೊಳ್ಳೆ ಕಚ್ಚಿದವನು ಪದೇ ಪದೇ ಕೆರೆದುಕೊಳ್ಳುತ್ತಾನೆ, ಅದಕ್ಕೆ ಅಳತೆಯಿಲ್ಲ. ಜಡಿಮಳೆ ಒಂದೇ ಸಮನೆ ಸುರಿಯುತ್ತದೆ, ಅದಕ್ಕೆ ಬಿಡುವೇ ಇಲ್ಲ. ಇವೆರಡಕ್ಕೂ ನಿನ್ನ ಪದ ಒಗ್ಗುವುದಿಲ್ಲ.

ಕಂಸಾಳೆಯವರನ್ನು ನೋಡಿದ್ದೀಯಲ್ಲ? ಮಲೆ ಮಹದೇಶ್ವರನ ಗುಡ್ಡರು, ಎಂದರೆ ಅವನ ಕಥೆ ಹಾಡುವ ಭಕ್ತರು, ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳವನ್ನು ಇಟ್ಟುಕೊಂಡು, ದಾರಕ್ಕೆ ಕಟ್ಟಿದ ಇನ್ನೊಂದು ಚಪ್ಪಟೆ ತಾಳವನ್ನು ಬಲಗೈಯಿಂದ ಬೀಸಿ ಅದಕ್ಕೆ ತಾಗಿಸುತ್ತಾರೆ. ಬೀಸು ಕಂಸಾಳೆಯಲ್ಲಿ ಆ ಬೀಸು ತಲೆಯ ಮೇಲೆ, ಬೆನ್ನ ಹಿಂದೆ ಎಲ್ಲೆಲ್ಲೋ ಸುತ್ತಿ ಬಂದರೂ ತಾಗುವ ಹೊತ್ತಿಗೆ ಸರಿಯಾಗಿ ತಾಗುತ್ತದೆ, ಪಕ್ಕದವರ ತಾಳವೂ ಅದೇ ಹೊತ್ತಿಗೆ ದನಿಗೊಡುತ್ತದೆ. ‘ಲಯಬದ್ಧವಾಗಿ’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ನಿನ್ನ ಕೋಲಾಟದ ವಾಕ್ಯ ಸರಿಯಾಗುವುದೂ ಇದೇ ಕಾರಣಕ್ಕೆ.

ಅಳತೆ ಎಂದೊಡನೆ ಎಲ್ಲ ಬಿಡುವುಗಳೂ ಸಮವಾಗಿರಬೇಕು ಎಂದುಕೊಳ್ಳಬೇಡ. ಸಂಗೀತದ ತರಗತಿಯಲ್ಲಿ ನೀನು ಹಾಕುವ ಮಿಶ್ರಛಾಪು ತಾಳದಲ್ಲಿ 3 ಮತ್ತು 4 ಸೇರಿ 7 ಎಣಿಕೆ, ಖಂಡಛಾಪು ತಾಳದಲ್ಲಿ 2 ಮತ್ತು 3 ಸೇರಿ 5. ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯ ಚಿಕ್ಕ ಸಾಲುಗಳಲ್ಲಿಯೂ 3, 4, 3, 4 ಎಂದು ಮಾತ್ರೆಗಳು, ಎಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆಗಳು, ಬರುತ್ತವೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಬಾಯಲ್ಲಿ ಆ ಏರುಪೇರೇ ಮರುಕಳಿಸಿ ಮರುಕಳಿಸಿ ಕಿವಿಗೆ ಹಿತವಾಗುತ್ತದೆ. ಒಂದು ಮಾದರಿ ಇದ್ದು, ಅದು ಹಾಗೆಯೇ ಮರಳಿ ಬಂದರೆ ಸಾಕು.

ವೇಗಕ್ಕೂ ಲಯ ತಪ್ಪುವುದಕ್ಕೂ ಸಂಬಂಧ ಕಟ್ಟಬೇಡ. ಸಂಗೀತದಲ್ಲಿ ವಿಳಂಬ (ನಿಧಾನ), ಮಧ್ಯ, ದ್ರುತ (ವೇಗ) ಎಂದು ಲಯವನ್ನೇ ಮೂರಾಗಿ ಹೇಳುತ್ತಾರೆ. ದೊಡ್ಡವರ ಎದೆ ಆರಾಮವಾಗಿರುವಾಗ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಸಲ ಬಡಿಯುತ್ತದೆ, ಓಡಿ ಬಂದಾಗ ಇನ್ನೂ ಹೆಚ್ಚು, ಆದರೂ ಅದು ಲಯಬದ್ಧವಾಗಿಯೇ ಬಡಿಯುತ್ತಿರುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಹೃದಯದ ತೊಂದರೆಯಲ್ಲಿ ಎಣಿಕೆ ಈ ಮಿತಿಯೊಳಗೇ ಇದ್ದರೂ ಬಡಿತಗಳ ನಡುವಿನ ಅಂತರ ಹೇಗೆಂದರೆ ಹಾಗೆ ಬದಲಾಗುತ್ತದೆ, ನಾಡಿ ಹಿಡಿದ ವೈದ್ಯರಿಗೆ ಮೊದಲು ಅನುಮಾನ ಬರುವುದು ಅಲ್ಲಿಯೇ.

ಈಗ ಕೆಂಪು ಗೆರೆಯ ವಾಕ್ಯಗಳು. ಬಿಡುವಿಲ್ಲದೆ ತಿರುಗುವ ಫ್ಯಾನಿಗೆ ‘ಗಿರಗಿರನೆ’ ಎಂಬ ಚೆಂದದ ಪದವೇ ಇದೆ. ಪಟಪಟ, ಧಗಧಗ ಎಂಬಂಥ ಅನುಕರಣಾವ್ಯಯಗಳ ಸಾಲಿಗೆ ಸೇರಿದ ಆ ಪದವಿರುವಾಗ ಸಂಸ್ಕೃತ ಸಮಾಸದಿಂದಾದ ಆರಕ್ಷರದ ಪದವನ್ನು ಫ್ಯಾನಿನ ಮೇಲೆ ಹೇರುವುದು ನನಗೆ ಹಿಡಿಸುವುದಿಲ್ಲ. (ಸುತ್ತಿಗೊಮ್ಮೆ ಟಕ್ ಎನ್ನುವ ನಮ್ಮ ನಡುಮನೆಯ ಹಳೆಯ ಫ್ಯಾನಾದರೆ ನಿನ್ನ ಪದ ನಡೆದೀತು, ಆದರೆ ಆಗ ಸದ್ದಿನ ಮಾತನ್ನೂ ನೀನು ಬರೆಯಬೇಕಾಗುತ್ತದೆ.) ಬಾಗಿಲನ್ನು ಗಾಳಿ ತನಗೆ ತೋಚಿದಾಗ ಬಡಿಯುತ್ತದೆ, ಆದ್ದರಿಂದ ‘ಗಾಳಿಗೆ ಬಾಗಿಲು ಮತ್ತೆ ಮತ್ತೆ ರಪ್ಪನೆ ಬಡಿದುಕೊಂಡಿತು’ ಎಂದರೆ ಸಾಕು.

ಪದ ಉದ್ದವಾಯಿತೆಂದು ‘ಬದ್ಧ’ವನ್ನು ಕೈಬಿಟ್ಟು ‘ಲಯವಾಗಿ’ ಎಂದು ಮಾತ್ರ ಬರೆಯಬೇಡ. ಸೃಷ್ಟಿ, ಸ್ಥಿತಿ, ಲಯ ಎನ್ನುವಲ್ಲಿ ಲಯವೆಂದರೆ ನಾಶ, ‘ಲಯವಾಗಿ ಹೋದರು’ ಎಂದರೆ ಕೋಲಾಟದವರು ಇಲ್ಲವಾದರು ಎಂದೇ ಓದುವವರು ತಿಳಿಯುತ್ತಾರೆ! ಚಿಕ್ಕದಾಗಿ ಬೇಕಿದ್ದರೆ ‘ತಾಳ ತಪ್ಪದೆ’ ಎನ್ನು, ಅದು ಎಲ್ಲರ ಬಾಯಲ್ಲೂ ಇರುವ ಮಾತು. ಇನ್ನೊಂದು ವಿಷಯ, ನೀನು ಕಳಿಸಿದ ಫೋಟೋದಲ್ಲಿ ಎರಡು ಕಡೆ ‘ಲಯಬದ್ದ’ ಎಂದಿದೆ, ಕೊನೆಯ ಒತ್ತು ಮಹಾಪ್ರಾಣದ ಧ ಆಗಬೇಕು. ಟೀಚರ್ ಅದನ್ನು ಗಮನಿಸಿಲ್ಲ, ನೀನೇ ತಿದ್ದಿ ಒಪ್ಪಿಸು.